ದೇವರೆದುರು ಬರೆಸಿದ ತೂಕ

ನಾನು ಬಟ್ಟೆ ಹೊಲಿಯುವವಳು. ಬೀಜಾಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಸುತ್ತಮುತ್ತಲಿನ ಹೆಂಗಸರ ಎದೆ, ಸೊಂಟ, ತೋಳಿನ ಅಳತೆಗಳನ್ನು ಬರೆದಿಟ್ಟ ನೋಟುಪುಸ್ತಕಗಳು ನನ್ನ ಕಪಾಟಿನಲ್ಲಿವೆ. ಹೆರಿಗೆಯಾದ ಮೇಲೆ ಯಾರು ಎಷ್ಟು ಇಂಚು ಏರಿದರು, ಮಗಳ ಮದುವೆ ಹತ್ತಿರ ಬಂದಾಗ ಯಾರು ಎಷ್ಟು ಇಳಿದರು, ಎಲ್ಲ ಗೊತ್ತು. ಒಂದನ್ನೂ ಇವತ್ತಿನವರೆಗೆ ಬಾಯಿಬಿಟ್ಟವಳಲ್ಲ. ಅಳತೆ ತೆಗೆಯುವಾಗಲೂ ಸಂಖ್ಯೆಯನ್ನು ಜೋರಾಗಿ ಹೇಳುವುದಿಲ್ಲ. ಮನಸ್ಸಿನಲ್ಲೇ ಹಿಡಿದುಕೊಂಡು ಹೋಗಿ ಬರೆಯುತ್ತೇನೆ. ಹೆಂಗಸಿನ ಅಳತೆ ಅವಳಿಗೆ ಮತ್ತು ಅವಳ ಟೈಲರಿಗೆ ಸೇರಿದ್ದು, ಮೂರನೆಯವರಿಗೆ ಅಲ್ಲಿ ಕೆಲಸವಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನನ್ನ ತೂಕವನ್ನು ನಮ್ಮ ಅತ್ತಿಗೆ, ಬೈಂದೂರಿನ ಕಡೆಯ ಒಂದು ದೇವಸ್ಥಾನದಲ್ಲಿ, ಸಾಲಿನಲ್ಲಿ ಇಪ್ಪತ್ತು ಜನ ನಿಂತಿರುವಾಗ, ಕೂಗಿ ಹೇಳಿದಳು. ಎದುರಿಗೆ ನಾನು ಅವಳನ್ನು ನೀವು ಅನ್ನುತ್ತೇನೆ. ಇಲ್ಲಿ ಬರೆಯುತ್ತಿರುವವಳು ನಾನು, ಆದ್ದರಿಂದ ಇಲ್ಲಿ ಅವಳು ಅವಳೇ.

ಮೂರು ಮಳೆಗಾಲದ ಹಿಂದೆ ಕೊಕ್ಕರ್ಣೆಯ ಸೋದರಮಾವನ ಗದ್ದೆಗೆ ನಟ್ಟಿಯ ಹೊತ್ತಿಗೆ ಹೋಗಿದ್ದೆ. ಕೆಸರಿನಲ್ಲಿ ಇಳಿದದ್ದೇ ಮೂರು ದಿನ. ಊರಿಗೆ ಬಂದ ವಾರದಲ್ಲಿ ಇಲಿಜ್ವರ. ಕಣ್ಣು ಹಳದಿಯಾಯಿತು, ಮೂತ್ರ ಕಟ್ಟಿತು, ಆಮೇಲಿನದು ನನಗೆ ನೆನಪಿಲ್ಲ. ಹನ್ನೊಂದು ದಿನ ಅಮ್ಮ ದೊಡ್ಡಾಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕುಳಿತಿದ್ದಳಂತೆ. ಎಂಟನೆಯ ದಿನ ಡಾಕ್ಟರು ಬಂದು ಬೇಕಾದವರಿಗೆಲ್ಲ ಫೋನ್ ಮಾಡಿ ಅಂದರಂತೆ. ಅಮ್ಮ ಯಾರಿಗೂ ಫೋನ್ ಮಾಡಲಿಲ್ಲ. ಮಗಳು ಎದ್ದು ಮನೆಗೆ ಬಂದರೆ ಅವಳ ತೂಕದಷ್ಟು ಬೆಲ್ಲದ ತುಲಾಭಾರ ಮಾಡಿಸುತ್ತೇನೆ ಎಂದು ಬೈಂದೂರಿನ ಕಡೆಯ ಆ ದೇವರಿಗೆ ಹರಕೆ ಹೇಳಿಕೊಂಡಳು. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು ಕೂರುವುದು, ಇನ್ನೊಂದರಲ್ಲಿ ನನಗೆ ಸಮವಾಗುವಷ್ಟು ಬೆಲ್ಲ.

ನಾನು ಬದುಕಿದೆ. ಮನೆಗೆ ಬಂದಾಗ ಐವತ್ತು ಕಿಲೋ ಕೂಡ ಇರಲಿಲ್ಲ. ಅಮ್ಮ ಆ ದಿನದಿಂದ ತಿನ್ನಿಸಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಬೆಳಿಗ್ಗೆ ತುಪ್ಪ ಸುರಿದ ದೋಸೆ, ಮಧ್ಯಾಹ್ನ ತೆಂಗಿನಕಾಯಿ ಹಾಲು ಹಿಂಡಿದ ಕೋಳಿಸಾರು, ಸಂಜೆಗೆ ಬೆಲ್ಲ ಹಾಕಿದ ಹೆಸರುಕಾಳಿನ ಪಾಯಸ. ನಾನು ಬೇಡ ಎಂದರೆ ಅವಳ ಮುಖ ಮತ್ತೆ ಆಸ್ಪತ್ರೆಯ ಮುಖವಾಗುತ್ತಿತ್ತು. ತಿಂದೆ. ಹರಕೆ ತೀರಿಸಲು ಮುಂಬೈಯಲ್ಲಿ ಹೋಟೆಲು ನಡೆಸುವ ಅಣ್ಣನಿಗೆ ಬಿಡುವಾಗಬೇಕಿತ್ತು, ಬಿಡುವಾಗಲಿಲ್ಲ. ಒಂದು ವರ್ಷ ಹೋಗಿ ಮೂರಾಯಿತು. ಅಷ್ಟು ಹೊತ್ತಿಗೆ ನನ್ನ ರವಿಕೆಗಳ ಒಳಗೆ ಬಿಚ್ಚಲು ಹೊಲಿಗೆಯೇ ಉಳಿದಿರಲಿಲ್ಲ.

ಕಳೆದ ಆಸಾಡಿಯಲ್ಲಿ, ಅಂದರೆ ಆಷಾಢ ತಿಂಗಳಲ್ಲಿ, ಅಣ್ಣ, ಅತ್ತಿಗೆ ಬಂದರು. ಅತ್ತಿಗೆ ಐವತ್ತರ ಹತ್ತಿರದವಳು, ಬೆನ್ನಿನಿಂದ ನೋಡಿದರೆ ಕಾಲೇಜು ಹುಡುಗಿ. ಅದು ಅವಳಿಗೂ ಗೊತ್ತು, ಆದ್ದರಿಂದ ಆಗಾಗ ಬೆನ್ನು ತಿರುಗಿಸುತ್ತಾಳೆ. ನನಗೆಂದು ಒಂದು ಉಡುಗೊರೆ ತಂದಿದ್ದಳು. ಬಿಚ್ಚಿ ನೋಡಿದರೆ ತೂಕದ ಯಂತ್ರ, ಗಾಜಿನದ್ದು, ಕೆಂಪು ಅಂಕೆ ಮೂಡುವಂಥದ್ದು. ನನ್ನನ್ನು ಹತ್ತಿಸಿ ನಿಲ್ಲಿಸಿ ನೋಡಿಯೇ ಬಿಟ್ಟಳು. ಎಂಬತ್ತಾರು. ಮನೆಯೊಳಗಿನ ಮಾತು ಎಂದು ನಾನೂ ನಕ್ಕುಬಿಟ್ಟೆ.

ಮರುದಿನ ತುಲಾಭಾರದ ದಿನ ಗೊತ್ತು ಮಾಡಲು ದೇವಸ್ಥಾನಕ್ಕೆ ಹೋದೆವು. ಸೇವೆಯ ಕೌಂಟರು ಗರ್ಭಗುಡಿಗೆ ಎದುರಾಗಿಯೇ ಇದೆ. ಅಲ್ಲಿ ಕುಳಿತ ಗುಮಾಸ್ತರು ನನ್ನ ಹೆಸರು, ನಕ್ಷತ್ರ ಬರೆದುಕೊಂಡು, "ಅಂದಾಜ್ ತೂಕ ಎಷ್ಟಕ್ಕಾ? ಬೆಲ್ಲ ತರ್ಸಿ ಇಡ್ಕಲ್ಲ" ಎಂದು ಮೆತ್ತಗೆ ಕೇಳಿದರು. ಒಳ್ಳೆಯ ಮನುಷ್ಯ. ನಾನೂ ಬಗ್ಗಿ ಮೆತ್ತಗೆ ಹೇಳುವವಳಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅತ್ತಿಗೆಯ ಸ್ವರ.

"ಎಂಬತ್ತಾರ್ ಬರ್ಕಣಿ! ನಿನ್ನೆ ನಾನೇ ತೂಗ್ಸಿದೆ. ಬೇಗ ದಿನ ಕೊಡಿ ಮಾರಾಯ್ರೆ, ತಡ ಆದ್ರೆ ನಿಮ್ಗೆ ಬೆಲ್ಲ ಸಾಕಾತಿಲ್ಲೆ, ಗಾಣವೇ ತರ್ಸ್ಕಾತ್!"

ಸಾಲಿನಲ್ಲಿದ್ದವರು ನಕ್ಕರು. ಅದರಲ್ಲಿ ಇಬ್ಬರು ನನ್ನ ಹತ್ತಿರ ಬಟ್ಟೆ ಹೊಲಿಸುವವರು. ಅಣ್ಣನೂ ನಕ್ಕ. ಗುಮಾಸ್ತರು ತಲೆ ತಗ್ಗಿಸಿ ಎಂಬತ್ತಾರು ಎಂದು ಬರೆದರು. ಅಮ್ಮನೊಬ್ಬಳು ನಗಲಿಲ್ಲ. ಗರ್ಭಗುಡಿಯ ಕಡೆ ತಿರುಗಿ ಕೈಮುಗಿದು, ದೇವರಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ, "ಎಂಬತ್ತಾರ್ ದೇವ್ರೇ, ಎಂಬತ್ತಾರ್" ಎಂದು ಎರಡು ಸಲ ಹೇಳಿದಳು. ದೀಪಾವಳಿ ಕಳೆದ ಮೇಲಿನ ಒಂದು ಸೋಮವಾರ ದಿನ ಸಿಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆಯ ರವಿಕೆಗಳನ್ನು ಹೊಲಿಯುವವಳೂ ನಾನೇ. ಅವುಗಳೊಳಗೆ ಎಲ್ಲೆಲ್ಲಿ ಏನೇನು ತುಂಬಿಸಿ ಹೊಲಿಯಲು ಅವಳು ಹೇಳಿದ್ದಾಳೆ ಎಂಬುದನ್ನು ಅದೇ ಸಾಲಿನ ಎದುರು ಹೇಳಿದ್ದರೆ ಲೆಕ್ಕ ಅಲ್ಲೇ ಚುಕ್ತಾ ಆಗುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಕಸುಬಿನ ಮರ್ಯಾದೆ. ಆದರೆ ಅಲ್ಲಿಂದ ಬೀಜಾಡಿಗೆ ಬರುವವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಒಂದೇ ವಿಷಯ ಯೋಚಿಸಿದೆ. ಅದೇ ಜಾಗದಲ್ಲಿ, ಅದೇ ಗುಮಾಸ್ತರ ಬಾಯಿಂದ, ಅವಳ ಕಿವಿಗೆ ಬೀಳುವ ಹಾಗೆ ಬೇರೆ ಸಂಖ್ಯೆ ಬರಬೇಕು. ಆರೋಗ್ಯ, ಮಂಡಿನೋವು, ಬಿಪಿ, ಯಾವುದೂ ನನ್ನ ತಲೆಯಲ್ಲಿರಲಿಲ್ಲ. ನಾನು ತೂಕ ಇಳಿಸಲು ಹೊರಟದ್ದು ಶುದ್ಧ ಸೇಡಿಗೆ.

ಮುಂಬೈಗೆ ಹೋದ ಮೇಲೆ ಅತ್ತಿಗೆ ಸುಮ್ಮನಿರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನನಗೆಂದು ಊಟದ ಪಟ್ಟಿ ಹಾಕಿದಳು. ಬೆಳಿಗ್ಗೆ ಸಲಾಡ್, ಸಂಜೆ ಸಲಾಡ್. ತಿನ್ನುವ ಮೊದಲು ಬಟ್ಟಲಿನ ಫೋಟೋ ತೆಗೆದು ಗುಂಪಿಗೆ ಹಾಕಬೇಕು. ಕುಂದಾಪುರದ ದೊಡ್ಡ ಅಂಗಡಿಗೆ ಹೋಗಿ ಅವಳು ಹೇಳಿದ ಸೊಪ್ಪು ತಂದೆ. ಪ್ಲಾಸ್ಟಿಕ್ಕಿನಲ್ಲಿ ಮಲಗಿಸಿಟ್ಟಿದ್ದರು, ಲೆಟ್ಯೂಸ್ ಅಂತೆ. ಹೆಚ್ಚಿ, ಕ್ಯಾರೆಟ್ಟು, ಸೌತೆಕಾಯಿ, ನಿಂಬೆರಸ ಹಾಕಿ ಬಾಯಿಗಿಟ್ಟೆ. ಚಪ್ಪೆ ಎಂದರೆ ಚಪ್ಪೆ. ಉಪ್ಪು ಕೂಡ ಹಾಕಬಾರದೆಂದು ಪಟ್ಟಿಯಲ್ಲಿತ್ತು. ಅಗಿದಷ್ಟೂ ಬಾಯಲ್ಲಿ ಹೆಚ್ಚಾಗುತ್ತಿತ್ತು, ಗಂಟಲು ಒಪ್ಪಲಿಲ್ಲ.

ಸೊಪ್ಪಿನ ಮೇಲೆ ನನಗೆ ದ್ವೇಷವಿಲ್ಲ. ಬೇಯಿಸಿದ ಹರಿವೆ, ಬಸಳೆ ಎಷ್ಟು ಬಡಿಸಿದರೂ ತಿನ್ನುತ್ತೇನೆ. ಸೌತೆಕಾಯಿಯನ್ನು ಉಪ್ಪು, ಹಸಿಮೆಣಸು, ಮೊಸರು ಹಾಕಿ ಒಗ್ಗರಣೆ ಕೊಟ್ಟರೆ ಬಟ್ಟಲು ನೆಕ್ಕುತ್ತೇನೆ. ಆದರೆ ಒಲೆಯನ್ನು ಕಾಣದ, ಸಾಸಿವೆಯ ಚಟಪಟ ಕೇಳದ ಎಲೆಯನ್ನು ಊಟ ಎಂದು ಕರೆಯುವುದು ನನ್ನಿಂದಾಗದು. ಏಳು ದಿನ ತಿಂದೆ. ಎಂಟನೆಯ ದಿನ ಫೋಟೋ ತೆಗೆದು ಗುಂಪಿಗೆ ಹಾಕಿ, ಬಟ್ಟಲನ್ನು ಪಕ್ಕದ ಮನೆಯ ದನದ ಎದುರು ಇಟ್ಟೆ. ದನ ಮೂಸಿತು, ಕ್ಯಾರೆಟ್ಟನ್ನು ಆರಿಸಿ ತಿಂದಿತು, ಲೆಟ್ಯೂಸನ್ನು ಮೂತಿಯಿಂದ ದೂಡಿತು. ಗುಂಪಿನಲ್ಲಿ ಅತ್ತಿಗೆ ಚಪ್ಪಾಳೆಯ ಚಿತ್ರ ಹಾಕಿದ್ದಳು. ಆಮೇಲೆ ಅದೇ ಬಟ್ಟಲನ್ನು ನಾಲ್ಕು ಕಡೆಯಿಂದ ಫೋಟೋ ತೆಗೆದಿಟ್ಟುಕೊಂಡು ದಿನಕ್ಕೊಂದು ಹಾಕುತ್ತಾ ಬಂದೆ, ಚಪ್ಪಾಳೆ ಬರುತ್ತಾ ಇತ್ತು.

ಅವಳ ದಾರಿಯಲ್ಲಿ ಅವಳನ್ನು ಗೆಲ್ಲಲಾಗದು ಎಂದು ಗೊತ್ತಾಯಿತು. ನನ್ನ ದಾರಿ ಹುಡುಕಿದೆ. ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ದಿನಾ ಬೆಳಿಗ್ಗೆ ಬೀಜಾಡಿಯಿಂದ ಕೋಡಿಯವರೆಗೆ ಕಡಲ ಬದಿಯಲ್ಲೇ ನಡೆಯತೊಡಗಿದೆ. ನಡೆಯುವಾಗ ಅತ್ತಿಗೆ ಸಾಲಿನಲ್ಲಿ ಕೂಗಿದ್ದು ನೆನಪಾಗುತ್ತಿತ್ತು, ಕಾಲು ತಾನಾಗಿ ಬೀಸು ಹಾಕುತ್ತಿತ್ತು. ಕೋಡಿಯಲ್ಲಿ ಬುಟ್ಟಿ ಇಟ್ಟು ಕೂರುವ ಒಬ್ಬ ಮೀನಿನ ಹೆಂಗಸು ನನ್ನನ್ನು ನಾಲ್ಕು ದಿನ ನೋಡಿ ಐದನೆಯ ದಿನ ಕರೆದಳು.

"ಹ್ವಾಯ್, ಎಂತಕ್ಕೆ ದಿನಾ ಹೀಂಗ್ ಓಡ್ತ್ರಿ? ಸಕ್ಕರೆ ಕಾಯ್ಲಿಯಾ?"

"ಅಲ್ಲ, ಅತ್ಗೆ ಕಾಯ್ಲಿ" ಅಂದೆ.

"ಅಯ್ಯೋ, ಅದಕ್ಕ್ ಮದ್ದಿಲ್ಲೆ ಕಾಣಿ" ಎಂದು ನಕ್ಕವಳು, ಪೂರ್ತಿ ಕಥೆ ಕೇಳಿದ ಮೇಲೆ ನಗು ನಿಲ್ಲಿಸಿದಳು. "ಹುಲ್ಲ್ ತಿಂಬುದ್ ಬಿಡಿ. ತೆಂಗಿನ್ಕಾಯಿ ಬಿಡಿ, ಎಣ್ಣಿ ಬಿಡಿ. ಬೈಗಿ ಮೀನಿಗೆ ಉಪ್ಪು, ಹುಳಿ, ಮೆಣ್ಸ್ ಹಾಕಿ ಬೇಯ್ಸಿ. ಗಂಜಿ ಒಂದ್ ಬಟ್ಲ್, ಎರಡಲ್ಲ. ಹೊಟ್ಟಿ ತುಂಬಿದ್ ಕೂಡ್ಲೆ ಏಳಿ, ಬಾಯಿ ತುಂಬುಕ್ ಕಾಯ್ಬೇಡಿ."

ನನ್ನ ಡಯಟ್ಟು ಅಷ್ಟೇ. ಬೈಗೆ ಎಂದರೆ ನಮ್ಮ ಕಡಲಿನ ಚಿಕ್ಕ, ಮುಳ್ಳು ಹೆಚ್ಚಿನ, ಬಡವರ ಮೀನು. ಕಾಯಿ ಇಲ್ಲದ ಮೀನುಸಾರು ಮೊದಲ ವಾರ ತಬ್ಬಲಿಯಂತಿತ್ತು, ಆಮೇಲೆ ರೂಢಿಯಾಯಿತು. ಹುರುಳಿಸಾರು, ಹರಿವೆಪಲ್ಯ, ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ. ಅಮ್ಮನಿಗೆ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಪಾಯಸ ತಪ್ಪಿಸಿದೆ. ಎಂಬತ್ತಮೂರಾಯಿತು, ಎಂಬತ್ತಾಯಿತು. ಒಮ್ಮೆ ಹದಿನೈದು ದಿನ ಅಂಕೆ ಕದಲದೆ ನಿಂತಿತ್ತು, ಯಂತ್ರವನ್ನು ಬಾವಿಗೆ ಎಸೆಯಬೇಕೆಂದು ಎತ್ತಿದ್ದೂ ಉಂಟು. ನವರಾತ್ರಿಯ ಹೊತ್ತಿಗೆ ನನ್ನ ರವಿಕೆಗಳನ್ನು ನಾನೇ ಒಳಗೆ ಹಿಡಿದು ಹೊಲಿದೆ. ದೀಪಾವಳಿಯ ಮರುದಿನ ಯಂತ್ರ ಎಪ್ಪತ್ತಮೂರು ತೋರಿಸಿತು. ಒಬ್ಬಳೇ ಕೋಣೆಯಲ್ಲಿ ನಿಂತು ಅತ್ತಿಗೆಯ ಮುಖವನ್ನು ಕಲ್ಪಿಸಿಕೊಂಡು ಜೋರಾಗಿ ನಕ್ಕೆ.

ಆ ನಗು ಕೇಳಿ ಅಮ್ಮ ಬಂದಳು. ಯಂತ್ರದ ಅಂಕೆ ನೋಡಿದಳು. ಅಂಕೆ ಓದಲು ಅವಳಿಗೆ ಬರುತ್ತದೆ.

"ಎಂತಕ್ಕೆ ಹೀಂಗ್ ಒಣಗಿದ್ದೆ ಮಗಾ? ಜ್ವರ ಮತ್ ಬಂತಾ?"

"ಇಲ್ಲೆ ಅಮ್ಮ, ನಾನೇ ಇಳ್ಸದ್ದ್."

ಅವಳು ಗೋಡೆ ಹಿಡಿದು ಕೆಳಗೆ ಕುಳಿತಳು. "ಇಳ್ಸದ್ದಾ? ದೇವ್ರಿಗ್ ಎಂಬತ್ತಾರ್ ಅಂದ್ ಹೇಳಿ ಆಯ್ತಲ್ಲ."

"ಹೇಳದ್ ನಾನಲ್ಲ, ಅತ್ಗೆ."

"ಯಾರ್ ಹೇಳ್ರೂ ಬರ್ದದ್ ನಿನ್ನ್ ಹೆಸ್ರಂಗೆ. ನಾನೂ ಕೈಮುಗ್ದ್ ಹೇಳಿದೆ. ಈಗ ಹದ್ಮೂರ್ ಕೇಜಿ ಕಮ್ಮಿ ಮಾಡ್ಕಂಡ್ ಹೋಯಿ ಕೂಕಂಡ್ರೆ ಕಳ್ತನ ಅಲ್ದಾ ಅದ್? ದೇವ್ರ್ ನಿನ್ನ್ ಪೂರ್ತಿ ವಾಪಸ್ ಕೊಟ್ಟದ್ದ್. ನೀನ್ ಕಮ್ಮಿ ತೂಗ್ಸುದಾ?"

ಬೆಲ್ಲ ಎಂಬತ್ತಾರು ಕಿಲೋವೇ ಕೊಡೋಣ, ಹೆಚ್ಚಾದದ್ದನ್ನು ಹಾಗೆಯೇ ಒಪ್ಪಿಸೋಣ ಎಂದೆ. ಅವಳು ಒಪ್ಪಲಿಲ್ಲ. ಹಾಗೆ ಕೊಟ್ಟದ್ದು ದಾನವಾಯಿತು, ತೂಗಿ ಕೊಟ್ಟದ್ದು ಮಾತ್ರ ಹರಕೆ ಎಂದಳು. ನನಗೆ ಸಿಟ್ಟು ಬಂತು. ನಾಲ್ಕು ತಿಂಗಳು ನಾನು ಬೆವರು ಸುರಿಸಿ ಇಳಿಸಿದ್ದನ್ನು ಅಮ್ಮ ಕಳ್ಳತನ ಅನ್ನುತ್ತಿದ್ದಾಳೆ. ಆದರೆ ಅವಳ ಮುಖ ಮತ್ತೆ ಆಸ್ಪತ್ರೆಯ ಮುಖವಾಗಿತ್ತು. ಕಬ್ಬಿಣದ ಕುರ್ಚಿಯ ಮೇಲೆ ಹನ್ನೊಂದು ದಿನ ಕುಳಿತವಳು ಅವಳು, ನಾನು ಒಳಗೆ ಎಚ್ಚರ ತಪ್ಪಿ ಮಲಗಿದ್ದವಳು. ಆ ಹರಕೆಯ ಮಾತು ನಡೆದದ್ದು ಅವಳಿಗೂ ಆ ದೇವರಿಗೂ ಮಧ್ಯೆ. ಅವಳು ಊಟ ಬಿಟ್ಟಳು. ಒಂದು ದಿನವಲ್ಲ, ಎರಡು ದಿನ ಬರೀ ನೀರು ಕುಡಿದು ಮಲಗಿದಳು.

ಮೂರನೆಯ ದಿನ ಬೆಳಿಗ್ಗೆ ಹಿತ್ತಲಿನ ಕಡೆ ಏನೋ ಉರುಳುವ ಸದ್ದು. ಹೋಗಿ ನೋಡಿದರೆ ಅಮ್ಮ, ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಅರೆಯುವ ಕಲ್ಲಿನ ಗುಂಡನ್ನು ಅಂಗಳದಲ್ಲಿ ಉರುಳಿಸಿಕೊಂಡು ಬರುತ್ತಿದ್ದಾಳೆ. ಎಪ್ಪತ್ತೆಂಟು ವರ್ಷದ ಹೆಂಗಸು. ನಾನು ಎತ್ತಲು ಹೋದರೆ ಬೇಡ ಎಂದಳು. ತೊಳೆದಳು, ಒರೆಸಿದಳು, ಅತ್ತಿಗೆಯ ಗಾಜಿನ ಯಂತ್ರದ ಮೇಲೆ ಮೆಲ್ಲಗೆ ಕೂರಿಸಿದಳು. ಹದಿಮೂರು ಬಂತು. ಮೇಲೆ ಒಂದಿಷ್ಟು ಗ್ರಾಂ.

"ಇದನ್ ಮಡಿಲಂಗ್ ಇಟ್ಕಂಡ್ ಕೂಕೊ. ನಿಂಗ್ ಹುಟ್ಟಿದಾಗಿಂದ ಅರ್ದ್ ಹಾಕಿದ್ದೆಲ್ಲ ಇದ್ರಂಗೇ. ಇದ್ ನಿನ್ನ್ ಮೈ ಅಲ್ದೆ ಮತ್ತೆಂತ?"

ಅವತ್ತು ಮಧ್ಯಾಹ್ನ ಅವಳು ಉಂಡಳು. ನಾನು ಉಣ್ಣಲಿಲ್ಲ. ಆ ಗುಂಡಿನ ಜೊತೆ ಕುಳಿತರೆ ತಕ್ಕಡಿ ಸರಿಯಾಗಿ ಎಂಬತ್ತಾರಕ್ಕೇ ನಿಲ್ಲುತ್ತದೆ, ಅತ್ತಿಗೆಯ ಎದುರೇ ನಿಲ್ಲುತ್ತದೆ. ಅಮ್ಮನಿಗೆ ಇಲ್ಲ ಅಂದರೆ ಅವಳು ಇನ್ನು ಎಷ್ಟು ವರ್ಷ ಬದುಕಿದರೂ ನನ್ನ ಒಂದೊಂದು ಕೆಮ್ಮಿಗೂ ಬೆಚ್ಚಿಬೀಳುತ್ತಾಳೆ. ಹೂಂ ಅಂದೆ. ಅಂದದ್ದು ಬಾಯಿ ಮಾತ್ರ.

ಸೋಮವಾರ ಅಣ್ಣ, ಅತ್ತಿಗೆ ರೈಲು ಇಳಿದು ಬಾಡಿಗೆಯ ಕಾರು ತೆಗೆದುಕೊಂಡು ನೇರ ದೇವಸ್ಥಾನಕ್ಕೇ ಬಂದರು. ನಾನು ಹೊಸ ಅಳತೆಯ ರವಿಕೆ ತೊಟ್ಟಿದ್ದೆ. ಅತ್ತಿಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವಳ ಕಣ್ಣು ಒಂದು ಕ್ಷಣ ಸೊಂಟದ ಹತ್ತಿರ ನಿಂತದ್ದನ್ನು ನಾನು ಬಿಡಲಿಲ್ಲ, ಚೆನ್ನಾಗಿ ನೋಡಿಕೊಂಡೆ. ಆದರೆ ಬಾಯಿಂದ ಬಂದದ್ದು ಬೇರೆ.

"ಎಂತ ಮಾರಾಯ್ತಿ, ಮುಖ ಎಲ್ಲ ಬಾಡಿ ಹೋಯ್ತ್? ಹುಷಾರಿಲ್ಯಾ?"

ಇಂಥವರು ಹೀಗೇ. ಇಳಿದಿದ್ದೀ ಎಂದು ಹೇಳಿದರೆ ಹಲ್ಲು ಉದುರುತ್ತದೆ. ಹುಷಾರಿದ್ದೇನೆ ಎಂದೆ. ಅವಳು ಪ್ರದಕ್ಷಿಣೆ ಹಾಕಲು ಹೋದಳು. ಅಷ್ಟರಲ್ಲಿ ನನ್ನನ್ನು ಕರೆದರು. ಅಮ್ಮ ಗುಂಡನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದಳು. ಗುಮಾಸ್ತರ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು, ಅವರು ಭಟ್ಟರ ಹತ್ತಿರ ಪಿಸುಗುಟ್ಟಿದರು, ಭಟ್ಟರು ಅಮ್ಮನ ಮುಖ ನೋಡಿ ತಲೆಯಾಡಿಸಿದರು. ನಾನು ತಟ್ಟೆಯಲ್ಲಿ ಕಾಲು ಮಡಚಿ ಕುಳಿತೆ. ಅಮ್ಮ ಗಂಟನ್ನು ಮಡಿಲಲ್ಲಿಟ್ಟು ಮೇಲೆ ನನ್ನ ಸೆರಗು ಹೊದೆಸಿದಳು.

ಆ ಕಡೆ ಬೆಲ್ಲದ ಅಚ್ಚುಗಳು ಬೀಳತೊಡಗಿದವು. ನನ್ನ ತಟ್ಟೆ ನಿಧಾನ ಮೇಲಕ್ಕೆದ್ದಿತು. ಕಲ್ಲು ತೊಡೆಯನ್ನು ಒತ್ತುತ್ತಿತ್ತು. ಇಷ್ಟನ್ನು ನಾನು ಮೈಮೇಲೆ ಹೊತ್ತು ಮೂರು ವರ್ಷ ಹೊಲಿಗೆ ಯಂತ್ರ ತುಳಿದೆನಲ್ಲ ಎಂದು ಮೊದಲ ಬಾರಿಗೆ ನನಗೇ ಗಾಬರಿಯಾಯಿತು. ಎರಡೂ ತಟ್ಟೆ ಸಮ ಬಂದಾಗ ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಅವಳ ಹೆಗಲು ಇಳಿದದ್ದು ನನಗೆ ಮೇಲಿನಿಂದ ಕಂಡಿತು. ಅದಕ್ಕಾಗಿ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಗುಮಾಸ್ತರು ಚೀಟಿ ನೋಡಿ, "ಎಂಬತ್ತಾರ್, ಸರಿ ಆಯ್ತ್" ಎಂದು ಭಟ್ಟರಿಗೆ ಹೇಳಿದರು. ಪ್ರದಕ್ಷಿಣೆ ಮುಗಿಸಿ ಬಂದ ಅತ್ತಿಗೆಗೆ ಅದಷ್ಟೇ ಕೇಳಿಸಿತು.

"ಅರೆ! ಎಂಬತ್ತಾರೇ? ನಾಕ್ ತಿಂಗ್ಳ್ ತಿಂದ್ ಸಲಾಡೆಲ್ಲ ಎಲ್ಲಿಗ್ ಹೋಯ್ತ್? ಬರೀ ಮುಖ ಬಾಡ್ಸ್ಕಂಡದ್ದಾ?" ಎಂದು ಸುತ್ತ ನೋಡಿ ನಕ್ಕಳು. ಇವತ್ತೂ ಜೊತೆಗೆ ನಗಲು ನಾಲ್ಕು ಜನ ಸಿಕ್ಕಿದರು.

ನಾನು ತಟ್ಟೆಯಿಂದ ಇಳಿದೆ. ಗಂಟನ್ನು ಸೆರಗಿನಡಿಯಲ್ಲೇ ಎರಡೂ ಕೈಯಲ್ಲಿ ಹಿಡಿದು ನೇರ ಅವಳ ಹತ್ತಿರ ಹೋದೆ. ನಾಲ್ಕು ತಿಂಗಳು ನಡೆದ ಕಾಲು, ಕೈಗೂ ಬಲ ಬಂದಿತ್ತು.

"ಅತ್ಗೇ, ಇದನ್ ಒಂಚೂರ್ ಹಿಡ್ಕಣಿ. ನಂಗೆ ತೀರ್ಥ ತಕಣ್ಕ್."

ದೇವಸ್ಥಾನದೊಳಗೆ ಯಾರಾದರೂ ಬಟ್ಟೆ ಸುತ್ತಿದ್ದನ್ನು ಕೊಟ್ಟರೆ ಪ್ರಸಾದ ಎಂದುಕೊಂಡು ಯಾರೂ ಕೈ ಹಿಂದೆಗೆಯುವುದಿಲ್ಲ. ಅವಳೂ ಭಕ್ತಿಯಿಂದ ಎರಡು ಕೈ ಚಾಚಿದಳು. ನಾನು ಬಿಟ್ಟೆ. ಅವಳ ಕೈ ಸೊಂಟದಿಂದ ಮೊಣಕಾಲಿಗೆ ಹೋಯಿತು, ಬಗ್ಗಿದಳು, ಬಾಯಿ ತೆರೆದುಕೊಂಡಿತು.

"ಅಯ್ಯಯ್ಯೋ! ಎಂತ ಇದ್?"

"ನೀವ್ ದೇವ್ರೆದ್ರಿಗ್ ಬರ್ಸಿದ್ರಲ್ಲ, ಅದ್ರಂಗೆ ನಾನ್ ಇಳ್ಸಿದ್ದ್. ಹದ್ಮೂರ್ ಕೇಜಿ."

ನನ್ನ ಸ್ವರ ಬೇಕಾದಷ್ಟು ಜೋರಾಗಿಯೇ ಇತ್ತು. ನಗುತ್ತಿದ್ದವರು ನಿಲ್ಲಿಸಿದರು. ಗುಮಾಸ್ತರು ಕೌಂಟರಿನಿಂದ ಕತ್ತು ಚಾಚಿ, "ಹೌದ್, ಅಕ್ಕಂದ್ ಈಗ ಎಪ್ಪತ್ಮೂರೇ. ಅಮ್ಮ ಹೇಳ್ರ್" ಎಂದರು. ಕೇಳಬೇಕಿದ್ದದ್ದನ್ನು ನಾನು ಕೇಳಿದೆ, ಅವಳೂ ಕೇಳಿದಳು. ಅವಳ ಮುಖ ಕೆಂಪಾಗಿತ್ತು, ಭಾರಕ್ಕೋ ಮಾತಿಗೋ ಗೊತ್ತಿಲ್ಲ. ಗಂಟನ್ನು ನೆಲಕ್ಕಿಡಲು ಬಗ್ಗಿದಳು.

ಆಗ ಅಮ್ಮ ಕೂಗಿದಳು. "ಕೆಳ್ಗ್ ಇಡ್ಬೇಡ! ಹರ್ಕಿ ತೂಗಿದ್ದ್ ಅದ್. ಕಾರಿಗ್ ಹೋಪಲ್ಲಿವರಿಗೆ ನೆಲ ಮುಟ್ಸುಕಾಗ, ಕೈಯೂ ಬದ್ಲುಕಾಗ!"

ಅಂಥ ನಿಯಮವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅಮ್ಮನ ಮುಖ ನೋಡಿದೆ. ಅವಳು ದೇವರ ಕಡೆ ತಿರುಗಿ ಕೈಮುಗಿಯುತ್ತಿದ್ದಳು.

ಅಣ್ಣ ರಸೀದಿ ಮಾಡಿಸಲು ಒಳಗೆ ಹೋಗಿದ್ದ. ಕಾರು ನಿಲ್ಲಿಸಿದ್ದು ಕೆರೆಯ ಆಚೆ, ಕಾಯಿ ಅಂಗಡಿಗಳನ್ನೆಲ್ಲ ದಾಟಿ. ಅತ್ತಿಗೆ ಗಂಟನ್ನು ಹೊಟ್ಟೆಗವಚಿಕೊಂಡು ಹೊರಟಳು, ಬೆನ್ನು ಹಿಂದಕ್ಕೆ ವಾಲಿಸಿ, ಕಾಲು ಅಗಲಿಸಿ, ನಾನು ಆ ಮೂರು ವರ್ಷ ನಡೆದಂತೆಯೇ. ಅಣ್ಣ ಒಳಗೆ ಹೋಗುವಾಗ ಕೊಟ್ಟ ಕಾರಿನ ಕೀಲಿ ನನ್ನ ಕೈಯಲ್ಲಿತ್ತು. ನಾನು ಕೈ ಬೀಸಿಕೊಂಡು ಅವಳ ಹಿಂದೆ ನಡೆದೆ. ಅಂಗಡಿಯ ಹತ್ತಿರ ನನ್ನಲ್ಲಿ ಬಟ್ಟೆ ಹೊಲಿಸುವವರೊಬ್ಬರು ಸಿಕ್ಕಿದರು. ನಿಂತು ಮಾತಾಡಿಸಿದೆ. ಮಗಳ ಮದುವೆ ಕೇಳಿದೆ, ಮನೆ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ. ಮುಂದೆ ಕಾರಿನ ಹತ್ತಿರ ಅತ್ತಿಗೆ ಗಂಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವರು ಹೊತ್ತಾಯಿತು, ಬತ್ತೆ ಎಂದು ಹೊರಟಾಗ, ಅವರನ್ನು ಕೈಹಿಡಿದು ನಿಲ್ಲಿಸಿ, ಅವರ ಚಿಕ್ಕ ಮಗಳ ಪರೀಕ್ಷೆಯ ವಿಷಯ ಎತ್ತಿದೆ.